ರಕ್ತದ ಕೊಲೆಸ್ಟರಾಲ್ ಇಳಿಸಲು ಕಿಣ್ವ: ನುಂಗುವುದೋ, ತಡೆಯುವುದೋ?

ಹಳ್ಳಿಗಳಲ್ಲಿಯೂ ಈಗ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ರೂಢಿಗೆ ಬಂದಿದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ತಿಳಿಯಲು ರಕ್ತ ಕೊಟ್ಟವರ ಕೈಗೆ ಬರುವ ಚೀಟಿಯಲ್ಲಿ ಕೊಲೆಸ್ಟರಾಲ್ ಎಂಬ ಇನ್ನೊಂದು ಸಾಲೂ ಇರುತ್ತದೆ. ಅದರ ಮುಂದಿನ ಅಂಕಿ ಹೆಚ್ಚಾಗಿದ್ದರೆ ವೈದ್ಯರು ದಿನಕ್ಕೊಂದು ಮಾತ್ರೆ ಬರೆದುಕೊಡುತ್ತಾರೆ. ಇತ್ತ ಪರಿಚಯದವರೊಬ್ಬರು ಬಂದು, "ಮಾತ್ರೆ ಏಕೆ? ಕಿಣ್ವದ ಪುಡಿ ತೆಗೆದುಕೊಳ್ಳಿ, ರಕ್ತನಾಳದಲ್ಲಿ ಕಟ್ಟಿದ ಜಿಡ್ಡನ್ನೆಲ್ಲ ಕರಗಿಸಿಬಿಡುತ್ತದೆ" ಎಂದು ಹೇಳುತ್ತಾರೆ. ಡಬ್ಬಿಯ ಬೆಲೆ ಮಾತ್ರೆಗಿಂತ ಎಷ್ಟೋ ಪಾಲು ಹೆಚ್ಚು. ಆದರೂ ಹಣ್ಣಿನಿಂದ ತೆಗೆದದ್ದು, ಅಪಾಯವಿಲ್ಲ ಎಂಬ ಮಾತಿಗೆ ಒಲಿದು ಕೊಳ್ಳುವವರಿದ್ದಾರೆ.

ಮಾತ್ರೆ ಬಿಟ್ಟು ಪುಡಿ ಹಿಡಿದವರಿಗೆ ಆಗುವುದು ಬರೀ ಹಣದ ನಷ್ಟವಲ್ಲ. ಹೆಚ್ಚಿದ ಕೊಲೆಸ್ಟರಾಲ್ ನೋವು ಕೊಡುವುದಿಲ್ಲ, ಜ್ವರ ತರುವುದಿಲ್ಲ. ಹತ್ತಾರು ವರ್ಷ ಸದ್ದಿಲ್ಲದೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು, ಒಂದು ದಿನ ಹೃದಯಾಘಾತವಾಗಿಯೋ ಲಕ್ವವಾಗಿಯೋ ಹೊರಬೀಳುತ್ತದೆ. ಮನೆ ನಡೆಸುವ ಆಳು ಬಿದ್ದ ಮೇಲೆ ಕಿಣ್ವದ ವಿಚಾರ ತಿಳಿದು ಪ್ರಯೋಜನವಿಲ್ಲ. ಆದುದರಿಂದ ಕಿಣ್ವಕ್ಕೂ ಕೊಲೆಸ್ಟರಾಲಿಗೂ ಇರುವ ನಿಜವಾದ ಸಂಬಂಧವೇನು ಎಂಬುದನ್ನು ರೈತ ಬಾಂಧವರು ಮೊದಲೇ ಅರಿತಿರುವುದು ಒಳ್ಳೆಯದು.

ಕಿಣ್ವ ಎಂದರೇನು?

ಕಿಣ್ವವು ಜೀವಿಗಳು ತಯಾರಿಸುವ ಒಂದು ಬಗೆಯ ಸಸಾರಜನಕ ವಸ್ತು. ತಾನು ಖರ್ಚಾಗದೆ, ಒಂದು ವಸ್ತುವನ್ನು ಇನ್ನೊಂದಾಗಿ ಬೇಗನೆ ಮಾರ್ಪಡಿಸುವುದು ಇದರ ಕೆಲಸ. ಕಿಣ್ವಗಳು ನಿಮಗೆ ಹೊಸತಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಅದರ ಗಂಜಿ ತೆಳ್ಳಗಾಗಿ ಸಿಹಿಯಾಗುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆದುವಾಗಿಸುತ್ತದೆ.

ಪ್ರತಿಯೊಂದು ಕಿಣ್ವಕ್ಕೂ ಗೊತ್ತಾದ ಒಂದೇ ಕೆಲಸ. ಬೀಗಕ್ಕೆ ತಕ್ಕ ಬೀಗದಕೈ ಇರುವಂತೆ, ಕಿಣ್ವದ ಮೈಯಲ್ಲಿರುವ ಒಂದು ಸಂದಿಗೆ ಸರಿಯಾಗಿ ಹೊಂದುವ ವಸ್ತು ಮಾತ್ರ ಅಲ್ಲಿ ಕುಳಿತು ಮಾರ್ಪಡುತ್ತದೆ. ಪಿಷ್ಟ ಒಡೆಯುವ ಕಿಣ್ವ ಕೊಬ್ಬನ್ನು ಮುಟ್ಟುವುದಿಲ್ಲ. ಕೊಬ್ಬನ್ನು ಒಡೆಯುವ ಕಿಣ್ವ ಮಾಂಸವನ್ನು ಮುಟ್ಟುವುದಿಲ್ಲ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟರೆ ಮುಂದಿನದು ಸುಲಭ.

ಕೊಲೆಸ್ಟರಾಲ್ ಬೇಡದ ವಸ್ತುವೇ?

ಖಂಡಿತ ಅಲ್ಲ. ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಇದೆ. ಕೊಬ್ಬನ್ನು ಅರಗಿಸಲು ಬೇಕಾದ ಪಿತ್ತಾಮ್ಲಗಳು, ಹಲವು ಹಾರ್ಮೋನುಗಳು, ಬಿಸಿಲಿನಲ್ಲಿ ಚರ್ಮದಲ್ಲಿ ಉಂಟಾಗುವ 'ಡಿ' ಜೀವಸತ್ವ, ಇವೆಲ್ಲವೂ ಕೊಲೆಸ್ಟರಾಲಿನಿಂದ ಅಥವಾ ಅದನ್ನು ತಯಾರಿಸುವ ದಾರಿಯಲ್ಲಿ ಬರುವ ವಸ್ತುವಿನಿಂದ ಆಗತಕ್ಕವು. ಇಷ್ಟು ಅವಶ್ಯವಾದುದರಿಂದಲೇ ಶರೀರವು ಊಟವನ್ನು ನಂಬಿ ಕೂರದೆ ತನಗೆ ಬೇಕಾದ ಕೊಲೆಸ್ಟರಾಲಿನ ಹೆಚ್ಚಿನ ಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಪಿತ್ತಜನಕಾಂಗದ ಪಾತ್ರ ದೊಡ್ಡದು.

ಎಣ್ಣೆಯಂತಹ ಈ ವಸ್ತು ರಕ್ತದಲ್ಲಿ ತಾನಾಗಿ ಬೆರೆಯುವುದಿಲ್ಲ. ಸಸಾರಜನಕದ ಹೊದಿಕೆಯುಳ್ಳ ಸಣ್ಣ ಗುಳಿಗೆಗಳಲ್ಲಿ ತುಂಬಿಕೊಂಡು ಸಾಗುತ್ತದೆ. ಇವುಗಳಲ್ಲಿ ಎಲ್.ಡಿ.ಎಲ್. ಎಂಬುದು ಕೊಲೆಸ್ಟರಾಲನ್ನು ಅಂಗಾಂಗಗಳಿಗೆ ಹೊತ್ತೊಯ್ಯುವ ಗಾಡಿ. ಇದರ ಸಂಖ್ಯೆ ಮಿತಿಮೀರಿದರೆ ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲಿ ಜಿಡ್ಡು ಕಟ್ಟುತ್ತದೆ. ಆದುದರಿಂದ ಚೀಟಿಯಲ್ಲಿ ಮುಖ್ಯವಾಗಿ ನೋಡತಕ್ಕದ್ದು ಎಲ್.ಡಿ.ಎಲ್. ಅಂಕಿಯನ್ನು. ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದ್ರವದಲ್ಲಿ ಇದು 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಉತ್ತಮ. 160ಕ್ಕೆ ಮೇಲ್ಪಟ್ಟರೆ ಹೆಚ್ಚು. 190 ಮುಟ್ಟಿದರೆ ಬಹಳ ಹೆಚ್ಚು. ಹೃದ್ರೋಗ ಇರುವವರಿಗೆ ವೈದ್ಯರು ಇದಕ್ಕಿಂತ ಕೆಳಗಿನ ಗುರಿಯನ್ನೇ ಇಡುತ್ತಾರೆ.

ಪ್ರಯೋಗಶಾಲೆಯಲ್ಲಿ ಕಿಣ್ವದ ಕೆಲಸ

ಈ ಅಂಕಿಯನ್ನು ಕಂಡುಹಿಡಿಯುವುದೇ ಕಿಣ್ವಗಳ ಸಹಾಯದಿಂದ. ಕೊಲೆಸ್ಟರಾಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಸೂಕ್ಷ್ಮಜೀವಿಗಳಿಂದ ಪಡೆಯಲಾಗುತ್ತದೆ. ಇದು ರಕ್ತದ್ರವದಲ್ಲಿನ ಕೊಲೆಸ್ಟರಾಲನ್ನು ಮಾರ್ಪಡಿಸುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಇನ್ನೊಂದು ಕಿಣ್ವ ಅದನ್ನು ಬಳಸಿಕೊಂಡು ನಸುಗೆಂಪು ಬಣ್ಣ ಬರಿಸುತ್ತದೆ. ಬಣ್ಣ ಗಾಢವಾದಷ್ಟೂ ಕೊಲೆಸ್ಟರಾಲ್ ಹೆಚ್ಚು.

ಹಾಗಾದರೆ ಈ ಕಿಣ್ವವನ್ನೇ ಶರೀರಕ್ಕೆ ಕೊಟ್ಟರಾಗದೇ ಎಂದು ನೀವು ಕೇಳಬಹುದು. ಆಗದು. ರಕ್ತನಾಳದಲ್ಲಿ ಕಟ್ಟಿದ ಕೊಲೆಸ್ಟರಾಲು ಯಾವುದು, ಜೀವಕೋಶದ ಪೊರೆಗೆ ಆಧಾರವಾದದ್ದು ಯಾವುದು ಎಂಬ ಭೇದ ಈ ಕಿಣ್ವಕ್ಕೆ ತಿಳಿಯದು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಇದೇ ಕಿಣ್ವವನ್ನು ಅಲ್ಲಿನ ಹತ್ತಿಯ ಕಾಯಿ ಮೂತಿಹುಳುವಿನ ಮರಿಗಳಿಗೆ ಆಹಾರದಲ್ಲಿ ತಿನ್ನಿಸಿದಾಗ ಅವುಗಳ ಕರುಳಿನ ಪೊರೆ ಹಾಳಾಗಿ ಮರಿಗಳು ಸತ್ತವು. ಪರೀಕ್ಷಾ ನಳಿಕೆಯಲ್ಲಿ ಉಪಯುಕ್ತವಾದುದೆಲ್ಲ ಹೊಟ್ಟೆಗೂ ಹಿತವಾಗಬೇಕೆಂದಿಲ್ಲ.

ನುಂಗಿದ ಕಿಣ್ವ ಎಲ್ಲಿಗೆ ಹೋಗುತ್ತದೆ?

ಪೇಟೆಯಲ್ಲಿ ಮಾರುವ ಕಿಣ್ವದ ಪುಡಿಗಳಲ್ಲಿ ಸಾಮಾನ್ಯವಾಗಿ ಪರಂಗಿಯ ಪಪೇನ್, ಅನಾನಸಿನ ಬ್ರೊಮೆಲೈನ್, ಕೊಬ್ಬನ್ನು ಒಡೆಯುವ ಲೈಪೇಸ್ ಮುಂತಾದುವು ಇರುತ್ತವೆ. ಇವುಗಳ ಬಗ್ಗೆ ಮೂರು ಮಾತು ಹೇಳಬೇಕು.

ಮೊದಲನೆಯದು, ಕಿಣ್ವವು ಸಸಾರಜನಕ ವಸ್ತು. ಬೇಳೆಯ ಸಸಾರಜನಕವನ್ನು ನಮ್ಮ ಹೊಟ್ಟೆ ಹೇಗೆ ಅರಗಿಸುತ್ತದೆಯೋ ನುಂಗಿದ ಕಿಣ್ವದ ಬಹುಪಾಲನ್ನೂ ಹಾಗೆಯೇ ಅರಗಿಸಿಬಿಡುತ್ತದೆ.

ಎರಡನೆಯದು, ಪಪೇನ್ ಮತ್ತು ಬ್ರೊಮೆಲೈನ್ ಸಸಾರಜನಕವನ್ನು ಒಡೆಯುವ ಕಿಣ್ವಗಳು. ಅವುಗಳ ಸಂದಿಗೆ ಕೊಲೆಸ್ಟರಾಲ್ ಹೊಂದುವುದೇ ಇಲ್ಲ.

ಮೂರನೆಯದು, ಲೈಪೇಸ್ ಕೊಬ್ಬನ್ನು ಒಡೆಯುವುದೇನೋ ನಿಜ. ಆದರೆ ಕರುಳಿನಲ್ಲಿ ಒಡೆದ ಕೊಬ್ಬು ಶರೀರದಿಂದ ಹೊರಕ್ಕೆ ಹೋಗುವುದಿಲ್ಲ, ಶರೀರದೊಳಕ್ಕೆ ಹೀರಲ್ಪಡುತ್ತದೆ. ಮೇದೋಜೀರಕ ಗ್ರಂಥಿ ಕೆಟ್ಟು ಊಟದ ಕೊಬ್ಬು ಅರಗದೆ ಸೊರಗುವ ರೋಗಿಗಳಿಗೆ ವೈದ್ಯರು ಲೈಪೇಸ್ ಇರುವ ಔಷಧಿ ಕೊಡುವುದು ಕೊಬ್ಬು ಮೈಗೆ ಹತ್ತಲಿ ಎಂದೇ. ಕೊಲೆಸ್ಟರಾಲ್ ಇಳಿಸಬೇಕೆನ್ನುವವರು ಇದನ್ನು ನುಂಗುವುದರಲ್ಲಿ ಅರ್ಥವೇ ಇಲ್ಲ.

ಪಿತ್ತಜನಕಾಂಗದ ತೂಬು

ಪಿತ್ತಜನಕಾಂಗದಲ್ಲಿ ಕೊಲೆಸ್ಟರಾಲ್ ಒಂದೇ ಸಲಕ್ಕೆ ತಯಾರಾಗುವುದಿಲ್ಲ. ಸುಮಾರು 30 ಹಂತಗಳು ಒಂದರ ಹಿಂದೊಂದು ನಡೆಯುತ್ತವೆ. ಹಂತಕ್ಕೊಂದರಂತೆ ಕಿಣ್ವಗಳು ದುಡಿಯುತ್ತವೆ. ಕೆರೆಯ ನೀರು ಎಷ್ಟೇ ಕಾಲುವೆಗಳನ್ನು ಸುತ್ತಿ ಗದ್ದೆ ತಲುಪಿದರೂ ಎಷ್ಟು ನೀರು ಹರಿಯಬೇಕೆಂಬುದು ತೂಬಿನಲ್ಲಿ ನಿರ್ಧಾರವಾಗುವುದಷ್ಟೆ. ಹಾಗೆಯೇ ಈ ಕಾರ್ಯದಲ್ಲಿಯೂ ಆರಂಭದ ಒಂದು ಹಂತದ ಕಿಣ್ವವೇ ತೂಬಿನಂತಿದೆ. ಅದರ ಹೆಸರು ಎಚ್.ಎಂ.ಜಿ. ಕೋ-ಎ ರಿಡಕ್ಟೇಸ್. ಈ ತೂಬನ್ನು ಸ್ವಲ್ಪ ಇಳಿಬಿಟ್ಟರೆ ಕೊಲೆಸ್ಟರಾಲಿನ ತಯಾರಿಕೆ ಕಡಿಮೆಯಾಗುತ್ತದೆ.

ಇಷ್ಟೇ ಅಲ್ಲ. ತಯಾರಿಕೆ ತಗ್ಗಿತೆಂದು ಕಂಡಾಗ ಪಿತ್ತಜನಕಾಂಗದ ಕೋಶಗಳು ತಮಗೆ ಬೇಕಾದುದನ್ನು ರಕ್ತದಿಂದಲೇ ಸೆಳೆದುಕೊಳ್ಳಲು ಮುಂದಾಗುತ್ತವೆ. ಎಲ್.ಡಿ.ಎಲ್. ಗಾಡಿಗಳನ್ನು ಹಿಡಿದು ಒಳಕ್ಕೆಳೆಯುವ ಕೊಂಡಿಗಳು ಕೋಶದ ಮೇಲೆ ಹೆಚ್ಚಾಗುತ್ತವೆ. ಹೀಗೆ ರಕ್ತದಲ್ಲಿರುವ ಎಲ್.ಡಿ.ಎಲ್. ಇಳಿಯುತ್ತದೆ. ಈ ಕೊಂಡಿಗಳನ್ನು ಕಂಡುಹಿಡಿದು ಅವುಗಳ ಕೆಲಸವನ್ನು ವಿವರಿಸಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅಂದರೆ ಕೊಲೆಸ್ಟರಾಲ್ ಇಳಿಸಲು ಹೊಸ ಕಿಣ್ವವನ್ನು ನುಂಗಬೇಕಾಗಿಲ್ಲ. ನಮ್ಮೊಳಗೇ ಇರುವ ಒಂದು ಕಿಣ್ವಕ್ಕೆ ಕಡಿವಾಣ ಹಾಕಬೇಕು. ಈ ಉಪಾಯ ರೈತರಿಗೆ ಅಪರಿಚಿತವಲ್ಲ. ಮೆಲಾಥಿಯಾನ್ ಸಿಂಪಡಿಸಿದಾಗ ಕೀಟದ ನರಗಳಿಗೆ ಬೇಕಾದ ಒಂದು ಕಿಣ್ವ ಕೆಲಸ ನಿಲ್ಲಿಸುತ್ತದೆ, ಕೀಟ ಸಾಯುತ್ತದೆ. ಔಷಧಿಯಲ್ಲಿಯಾದರೋ ಕಿಣ್ವವನ್ನು ಪೂರ್ತಿ ನಿಲ್ಲಿಸದೆ, ಹಿತಮಿತವಾಗಿ ತಡೆಯುವ ಪ್ರಮಾಣವನ್ನು ಆರಿಸಲಾಗಿದೆ.

ಬೂಷ್ಟಿನಿಂದ ಬಂದ ಮದ್ದು

ಈ ಕಡಿವಾಣ ದೊರೆತದ್ದು ಅಕ್ಕಿಯ ಬೂಷ್ಟಿನಲ್ಲಿ. ಕಂಡುಹಿಡಿದವರು ಜಪಾನಿನ ಅಕಿರಾ ಎಂಡೊ. ಇವರು 1933ರಲ್ಲಿ ಅಕಿಟಾ ಪ್ರಾಂತದ ರೈತ ಕುಟುಂಬದಲ್ಲಿ ಹುಟ್ಟಿದರು. ಅಜ್ಜನ ಜೊತೆ ಸುತ್ತಾಡುತ್ತ ಚಿಕ್ಕಂದಿನಲ್ಲೇ ಅಣಬೆ, ಬೂಷ್ಟುಗಳ ಮೇಲೆ ಆಸಕ್ತಿ ಬೆಳೆಸಿಕೊಂಡ ಇವರು ಓದಿದ್ದು ತೊಹೊಕು ವಿಶ್ವವಿದ್ಯಾನಿಲಯದ ಕೃಷಿ ಕಾಲೇಜಿನಲ್ಲಿ. ಔಷಧ ಕಂಪನಿಯೊಂದರಲ್ಲಿ ಇವರ ಮೊದಲ ಕೆಲಸ, ಹಣ್ಣಿನ ರಸವನ್ನು ತಿಳಿಯಾಗಿಸುವ ಕಿಣ್ವಕ್ಕಾಗಿ ಶಿಲೀಂಧ್ರಗಳನ್ನು ಹುಡುಕುವುದಾಗಿತ್ತು. ದ್ರಾಕ್ಷಿಗೆ ರೋಗ ತರುವ ಒಂದು ಶಿಲೀಂಧ್ರದಲ್ಲಿ ಆ ಕಿಣ್ವ ಸಿಕ್ಕಿತು.

ಬಳಿಕ ಅವರು ಹೀಗೆ ಯೋಚಿಸಿದರು: ಬೂಷ್ಟುಗಳು ತಮ್ಮ ಸುತ್ತಲಿನ ಇತರ ಸೂಕ್ಷ್ಮಜೀವಿಗಳೊಡನೆ ಹೋರಾಡಲು ಅವುಗಳ ಕಿಣ್ವಗಳನ್ನು ತಡೆಯುವ ವಸ್ತುಗಳನ್ನು ಸ್ರವಿಸುತ್ತಿರಬಹುದು, ಅವುಗಳಲ್ಲಿ ಯಾವುದಾದರೂ ಒಂದು ನಮ್ಮ ಪಿತ್ತಜನಕಾಂಗದ ಕಿಣ್ವವನ್ನೂ ತಡೆಯಬಾರದೇಕೆ? 1971ರಲ್ಲಿ ಆರಂಭವಾದ ಈ ಶೋಧನೆಯಲ್ಲಿ ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಲಾಯಿತು. 1973ರಲ್ಲಿ, ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಸಿಕ್ಕಿದ್ದ ಪೆನಿಸಿಲಿಯಂ ಸಿಟ್ರಿನಂ ಎಂಬ ನೀಲಿ-ಹಸಿರು ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇದರ ರಚನೆಯ ಒಂದು ಭಾಗ ಕಿಣ್ವದ ಕಚ್ಚಾವಸ್ತುವನ್ನೇ ಹೋಲುತ್ತದೆ. ಆದುದರಿಂದ ಕಿಣ್ವದ ಸಂದಿಯಲ್ಲಿ ತಾನು ಹೋಗಿ ಕುಳಿತು ಕಚ್ಚಾವಸ್ತುವಿಗೆ ಜಾಗ ಕೊಡುವುದಿಲ್ಲ.

ಆದರೆ ಇಲಿಗಳಿಗೆ ಕೊಟ್ಟಾಗ ಕೊಲೆಸ್ಟರಾಲ್ ಇಳಿಯಲೇ ಇಲ್ಲ! ಕೆಲಸ ಅಲ್ಲಿಗೇ ನಿಲ್ಲಬೇಕಾಗಿತ್ತು. ಆಗ ನೆರವಿಗೆ ಬಂದದ್ದು ಕೋಳಿ. ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟರಾಲ್ ಹೇರಳ. ಅದನ್ನು ತಯಾರಿಸುವ ಮೊಟ್ಟೆ ಕೋಳಿಯಲ್ಲಿ ಮದ್ದಿನ ಗುಣ ಕಾಣಬೇಕು ಎಂಬುದು ಎಂಡೊ ಅವರ ತರ್ಕ. 1976ರಲ್ಲಿ ಸಹೋದ್ಯೋಗಿಯೊಬ್ಬರ ಬಳಿಯಿದ್ದ ಕೋಳಿಗಳಿಗೆ ಆಹಾರದೊಡನೆ ಮದ್ದು ಬೆರೆಸಿ ಕೊಟ್ಟರು. ರಕ್ತದ ಕೊಲೆಸ್ಟರಾಲ್ ಅರ್ಧದಷ್ಟು ಇಳಿಯಿತು. ಕೋಳಿಗಳ ತೂಕ, ಮೇವು, ಮೊಟ್ಟೆಯಿಡುವಿಕೆ ಹೆಚ್ಚು ಬದಲಾಗಲಿಲ್ಲ. ನಾಯಿ, ಕೋತಿಗಳಲ್ಲಿಯೂ ಇದೇ ಫಲ ಕಂಡುಬಂದಿತು.

1978ರಲ್ಲಿ ಒಸಾಕಾದ ವೈದ್ಯ ಅಕಿರಾ ಯಮಾಮೊಟೊ ಅವರು ಹುಟ್ಟಿನಿಂದಲೇ ಕೊಲೆಸ್ಟರಾಲ್ ಅತಿಯಾಗಿದ್ದ ರೋಗಿಯೊಬ್ಬರಿಗೆ ಇದನ್ನು ಕೊಟ್ಟರು. ಕೊಲೆಸ್ಟರಾಲ್ ಇಳಿಯಿತು, ಆದರೆ ಮಾಂಸಖಂಡಗಳು ನಿಶ್ಶಕ್ತವಾದುವು. ಅನಂತರ ಪ್ರಮಾಣವನ್ನು ತಗ್ಗಿಸಿ ಬೇರೆ ರೋಗಿಗಳಿಗೆ ಕೊಟ್ಟಾಗ ಗುಣ ಕಂಡಿತು, ತೊಂದರೆ ಕಾಣಲಿಲ್ಲ. ಈ ಮದ್ದಿನ ಶಕ್ತಿಯೂ ಅದರ ಅಪಾಯವೂ ಹೀಗೆ ಆರಂಭದಲ್ಲೇ ತಿಳಿದುಬಂದವು. ಕಾಂಪ್ಯಾಕ್ಟಿನ್ ಮಾರುಕಟ್ಟೆಗೆ ಬರಲಿಲ್ಲ. ಅದೇ ಬಗೆಯ ಲೋವಾಸ್ಟಾಟಿನ್ ಎಂಬ ಔಷಧಿ, ಆಸ್ಪರ್ಜಿಲಸ್ ಟೆರಿಯಸ್ ಎಂಬ ಬೇರೊಂದು ಬೂಷ್ಟಿನಿಂದ ಬಂದು, 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ಎಂಡೊ 2024ರಲ್ಲಿ ತೀರಿಕೊಂಡರು. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಇದೇ 'ಸ್ಟಾಟಿನ್' ಗುಂಪಿನವು. ಇವನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ.

ಇವುಗಳಿಂದ ಚೀಟಿಯ ಅಂಕಿ ಮಾತ್ರ ಇಳಿಯುವುದೋ, ಪ್ರಾಣವೂ ಉಳಿಯುವುದೋ? ಈ ಪ್ರಶ್ನೆಗೆ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು. 4,444 ಹೃದ್ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಸಿಮ್ವಾಸ್ಟಾಟಿನ್, ಇನ್ನೊಂದಕ್ಕೆ ಮದ್ದಿಲ್ಲದ ಗುಳಿಗೆ ಕೊಟ್ಟು ಐದು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಲಾಯಿತು. ಮದ್ದಿಲ್ಲದ ಗುಂಪಿನಲ್ಲಿ 256 ಮಂದಿ, ಮದ್ದು ಪಡೆದ ಗುಂಪಿನಲ್ಲಿ 182 ಮಂದಿ ತೀರಿಕೊಂಡರು. ಕಿಣ್ವದ ಪುಡಿಗಳ ಪರವಾಗಿ ಇಂತಹ ಲೆಕ್ಕ ಯಾವುದೂ ಇಲ್ಲ.

ಬೂಷ್ಟು ಹಿಡಿದ ಧಾನ್ಯ ಮದ್ದಲ್ಲ

ಮದ್ದು ಬೂಷ್ಟಿನಿಂದ ಬಂದಿತೆಂದು ಬೂಷ್ಟು ಹಿಡಿದ ಅಕ್ಕಿಯನ್ನೋ ಕಡಲೆಕಾಯನ್ನೋ ತಿನ್ನಬಾರದು. ಪೆನಿಸಿಲಿಯಂ ಸಿಟ್ರಿನಂ ಬೂಷ್ಟೇ ಮೂತ್ರಪಿಂಡಕ್ಕೆ ಹಾನಿಕರವಾದ ಸಿಟ್ರಿನಿನ್ ಎಂಬ ವಿಷವನ್ನೂ ಉತ್ಪಾದಿಸುತ್ತದೆ. ಚೀನಾ, ಜಪಾನುಗಳಲ್ಲಿ ಅಕ್ಕಿಯ ಮೇಲೆ ಒಂದು ಬಗೆಯ ಕೆಂಪು ಬೂಷ್ಟನ್ನು ಬೆಳೆಸಿ ಬಳಸುವ ಪದ್ಧತಿಯಿದೆ. ಅದರಲ್ಲಿ ಲೋವಾಸ್ಟಾಟಿನ್ ಇರುವುದು ನಿಜ. ಆದರೆ ಎಷ್ಟಿದೆ ಎಂಬುದಕ್ಕೆ ಖಾತರಿಯಿಲ್ಲ. 2024ರಲ್ಲಿ ಜಪಾನಿನಲ್ಲಿ ಇಂತಹ ಮಾತ್ರೆಗಳಲ್ಲಿ ಬೇರೆ ಬೂಷ್ಟು ಬೆರೆತು ಅನೇಕರ ಮೂತ್ರಪಿಂಡಗಳಿಗೆ ಹಾನಿಯಾಯಿತು. ಧಾನ್ಯವನ್ನು ಚೆನ್ನಾಗಿ ಒಣಗಿಸಿ, ತೇವವಿಲ್ಲದ ಕಡೆ ಇಡುವುದೇ ರೈತರು ಬೂಷ್ಟಿನ ವಿಷಯದಲ್ಲಿ ಮಾಡಬೇಕಾದ ಕೆಲಸ.

ಔಷಧಿ ಯಾರಿಗೆ?

ಅಂಕಿ ಸ್ವಲ್ಪ ಹೆಚ್ಚಾದವರೆಲ್ಲರೂ ಮಾತ್ರೆ ನುಂಗಬೇಕೆಂದಿಲ್ಲ. ಹೃದಯಾಘಾತ ಅಥವಾ ಲಕ್ವ ಒಮ್ಮೆ ಆದವರು, ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರು, ಎಲ್.ಡಿ.ಎಲ್. 190 ಅಥವಾ ಹೆಚ್ಚು ಇರುವವರು, ಇಂತಹವರಿಗೆ ಸಾಮಾನ್ಯವಾಗಿ ಬೇಕಾಗುತ್ತದೆ. ಉಳಿದವರ ವಿಷಯದಲ್ಲಿ ವಯಸ್ಸು, ರಕ್ತದ ಒತ್ತಡ, ಬೀಡಿ-ಸಿಗರೇಟಿನ ಚಟ ಎಲ್ಲವನ್ನೂ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

"ನಾನು ಸಣಕಲ, ದಿನವಿಡೀ ಹೊಲದಲ್ಲಿ ದುಡಿಯುತ್ತೇನೆ, ನನಗೆಲ್ಲಿಯ ಕೊಲೆಸ್ಟರಾಲ್?" ಎನ್ನುವುದು ಸರಿಯಲ್ಲ. ಎಲ್.ಡಿ.ಎಲ್. ಹಿಡಿಯುವ ಕೊಂಡಿಗಳ ಲೋಪ ವಂಶದಲ್ಲಿಯೇ ಬರುವುದುಂಟು. ಸುಮಾರು 250-300 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಔಷಧಿ ಸೇವಿಸುವವರು ಗಮನಿಸಬೇಕಾದ ಅಂಶಗಳು

1. ಅಂಕಿ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ತೂಬನ್ನು ಮತ್ತೆ ಎತ್ತಿದರೆ ನೀರು ಹರಿಯುವಂತೆ, ಕೆಲವೇ ವಾರಗಳಲ್ಲಿ ಕೊಲೆಸ್ಟರಾಲ್ ಹಿಂದಿನ ಮಟ್ಟಕ್ಕೇ ಏರುತ್ತದೆ.

2. ಸಿಮ್ವಾಸ್ಟಾಟಿನನ್ನು ರಾತ್ರಿ ಸೇವಿಸಬೇಕು; ಶರೀರದಲ್ಲಿ ಕೊಲೆಸ್ಟರಾಲ್ ತಯಾರಿಕೆ ಹೆಚ್ಚಾಗಿ ರಾತ್ರಿ ನಡೆಯುತ್ತದೆ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಬಹಳ ಹೊತ್ತು ಶರೀರದಲ್ಲಿ ಇರುವುದರಿಂದ ಯಾವ ವೇಳೆಯಾದರೂ ಆಗಬಹುದು. ಆದರೆ ದಿನವೂ ಅದೇ ವೇಳೆಗೆ ಸೇವಿಸಿ.

3. ಗೇಯ್ಮೆಯಿಂದ ಬರುವ ಮೈನೋವು ನಿಮಗೆ ಗೊತ್ತಿದೆ. ಕೆಲಸವಿಲ್ಲದ ದಿನವೂ ಎರಡೂ ತೊಡೆ, ಎರಡೂ ತೋಳುಗಳಲ್ಲಿ ಹೊಸದಾಗಿ ನೋವು, ನಿಶ್ಶಕ್ತಿ ಕಂಡರೆ ವೈದ್ಯರಿಗೆ ತಿಳಿಸಿ. ಮೂತ್ರ ಕಪ್ಪುಗೆಂಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಅಲಕ್ಷ್ಯ ಮಾಡತಕ್ಕದ್ದಲ್ಲ.

4. ಗರ್ಭಿಣಿಯರು, ಮಗುವಿಗೆ ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಸ್ಟಾಟಿನ್ ಸೇವಿಸಬಾರದು.

5. ಕೆಲವು ಸ್ಟಾಟಿನ್‌ಗಳನ್ನು ಕರುಳಿನಲ್ಲಿರುವ ಬೇರೊಂದು ಕಿಣ್ವ ಒಡೆಯುತ್ತದೆ. ಗ್ರೇಪ್‌ಫ್ರೂಟ್ ಎಂಬ ನಿಂಬೆ ಜಾತಿಯ ಹಣ್ಣಿನ ರಸ ಆ ಕಿಣ್ವವನ್ನು ತಡೆದು, ಔಷಧಿ ರಕ್ತದಲ್ಲಿ ಅತಿಯಾಗುವಂತೆ ಮಾಡುತ್ತದೆ. ಅದರ ಹತ್ತಿರದ ಸಂಬಂಧಿಯಾದ ನಮ್ಮ ಚಕ್ಕೋತದಲ್ಲಿಯೂ ಅಂತಹ ವಸ್ತುಗಳಿವೆ. ದೇವನಹಳ್ಳಿಯ ಕಡೆಯವರೂ, ಹಿತ್ತಲಲ್ಲಿ ಚಕ್ಕೋತದ ಮರ ಇರುವವರೂ ಈ ವಿಷಯವನ್ನು ವೈದ್ಯರಲ್ಲಿ ಪ್ರಸ್ತಾಪಿಸಿ.

6. ಬೆಲೆ ಹೆಚ್ಚೆಂದು ಮಾತ್ರೆ ಬಿಡುವವರು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಅದೇ ಮದ್ದು ಅಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ.

ಸ್ಟಾಟಿನ್ ಸಾಲದವರಿಗೆ ಅಥವಾ ಒಗ್ಗದವರಿಗೆ ಬೇರೆ ಔಷಧಿಗಳೂ ಬಂದಿವೆ. ಬೆಂಪಿಡೋಯಿಕ್ ಆಮ್ಲವು ಇದೇ ಕಾಲುವೆಯಲ್ಲಿ ತೂಬಿಗಿಂತ ಮೇಲಿನ ಇನ್ನೊಂದು ಕಿಣ್ವವನ್ನು ತಡೆಯುತ್ತದೆ.

ಊಟದಿಂದ ಆಗುವ ಸಹಾಯ

ಪಿತ್ತಜನಕಾಂಗದ ಕಿಣ್ವಗಳಿಗೆ ಊಟದ ಮೂಲಕ ಇನ್ನೊಂದು ಕೆಲಸ ಹಚ್ಚಲು ಸಾಧ್ಯವಿದೆ. ಪಿತ್ತಾಮ್ಲಗಳು ಕೊಲೆಸ್ಟರಾಲಿನಿಂದ ಆಗುತ್ತವೆ ಎಂದು ಆಗಲೇ ಹೇಳಿದೆಯಷ್ಟೆ. ಇವು ಕರುಳಿಗೆ ಬಂದು ಕೆಲಸ ಮುಗಿಸಿ ಬಹುಪಾಲು ಹಿಂತಿರುಗುತ್ತವೆ. ನೀರಿನಲ್ಲಿ ಲೋಳೆಯಾಗುವ ನಾರು ಊಟದಲ್ಲಿದ್ದರೆ ಅದು ಪಿತ್ತಾಮ್ಲವನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಕೊರತೆ ತುಂಬಲು ಪಿತ್ತಜನಕಾಂಗದ ಕಿಣ್ವಗಳು ಇನ್ನಷ್ಟು ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಮಾರ್ಪಡಿಸಬೇಕಾಗುತ್ತದೆ. ಜವೆಗೋಧಿ, ಓಟ್ಸ್, ಇಸಬ್‌ಗೋಲ್, ಕಾಳುಗಳು, ಸೀಬೆ ಮುಂತಾದ ಹಣ್ಣುಗಳಲ್ಲಿ ಇಂತಹ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯನ್ನೇ ಮೂರು ಹೊತ್ತೂ ಉಣ್ಣುವ ಬದಲು ಮುದ್ದೆ, ಕಾಳಿನ ಸಾರು, ಸೊಪ್ಪಿನ ಪಲ್ಯಗಳಿಗೆ ತಟ್ಟೆಯಲ್ಲಿ ಹೆಚ್ಚು ಜಾಗ ಕೊಡಿ.

ಬೆಣ್ಣೆ, ತುಪ್ಪ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ, ಕೊಬ್ಬು ಹೆಚ್ಚಿರುವ ಮಾಂಸ ಇವುಗಳಲ್ಲಿರುವ ಗಟ್ಟಿ ಕೊಬ್ಬು ಎಲ್.ಡಿ.ಎಲ್. ಹಿಡಿಯುವ ಕೊಂಡಿಗಳನ್ನು ಕಡಿಮೆ ಮಾಡುತ್ತದೆ. ಆದುದರಿಂದ ಮಿತಿ ಇರಲಿ. ಎಣ್ಣೆಯ ಡಬ್ಬಿಯ ಮೇಲಿನ 'ಕೊಲೆಸ್ಟರಾಲ್ ಇಲ್ಲ' ಎಂಬ ಬರಹಕ್ಕೆ ಮಾರುಹೋಗಬೇಡಿ. ಯಾವ ಸಸ್ಯದ ಎಣ್ಣೆಯಲ್ಲಿಯೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ.

ಊಟ, ನಡಿಗೆ, ಬೀಡಿ ಬಿಡುವುದು, ಇವು ಎಲ್ಲರಿಗೂ ಒಳ್ಳೆಯವು. ಆದರೆ ಔಷಧಿ ಬೇಕೇಬೇಕಾದವರಿಗೆ ಇವು ಔಷಧಿಯ ಜೊತೆಗಾರರೇ ಹೊರತು ಬದಲಿಯಲ್ಲ.

ಕೊನೆಯ ಮಾತು

ಬೀಜ ಕೊಳ್ಳುವಾಗ ನೀವು ಚೀಲದ ಮೇಲಿನ ಚಿತ್ರ ನೋಡಿ ಕೊಳ್ಳುವುದಿಲ್ಲ. ಮೊಳಕೆ ಎಷ್ಟು, ಇಳುವರಿ ಎಷ್ಟು, ಯಾವ ಹೊಲದಲ್ಲಿ ಬೆಳೆದು ನೋಡಿದ್ದಾರೆ ಎಂದು ಕೇಳುತ್ತೀರಿ. ಕಿಣ್ವದ ಡಬ್ಬಿ ಹಿಡಿದು ಬಂದವರನ್ನೂ ಹಾಗೆಯೇ ಕೇಳಿ: ಈ ಕಿಣ್ವ ಯಾವ ವಸ್ತುವನ್ನು ಒಡೆಯುತ್ತದೆ? ಹೊಟ್ಟೆಯಲ್ಲಿ ಅರಗದೆ ರಕ್ತಕ್ಕೆ ಹೇಗೆ ಸೇರುತ್ತದೆ? ಎಷ್ಟು ಜನರಿಗೆ ಕೊಟ್ಟು, ಎಷ್ಟು ವರ್ಷ ನೋಡಿದ್ದಾರೆ? ಸರಿಯಾದ ಉತ್ತರ ಬಾರದಿದ್ದರೆ ಹಣವನ್ನು ಜೇಬಿನಲ್ಲೇ ಉಳಿಸಿಕೊಂಡು, ರಕ್ತಪರೀಕ್ಷೆಯ ಚೀಟಿಯೊಡನೆ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ.